ಬಾನೆಟ್ ಆಮೇಲೆ ಎತ್ತಿ, ಮೊದಲು ಅಡಿಗೆ ಬಗ್ಗಿ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ತೋರಿಸಲು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಬರುವವರು ಮೊದಲು ಕೇಳುವುದು, ‘ಮೀಟರ್‌ನಲ್ಲಿ ಇರುವಷ್ಟೇ ಓಡಿದೆಯಾ ನೋಡಿ’ ಅಂತ. ಆಮೇಲೆ ಮೈಲೇಜ್. ನಾನು ಅವರನ್ನು ಕೇಳುವ ಪ್ರಶ್ನೆಗಳು ಬೇರೆ. ಈ ಕಾರು ಇಷ್ಟು ವರ್ಷ ಮಳೆಗಾಲದಲ್ಲಿ ಎಲ್ಲಿ ನಿಂತಿತ್ತು? ಇನ್ನು ಮುಂದೆ ಯಾವ ದಾರಿಯಲ್ಲಿ ಓಡಬೇಕು?

ಎರಡು ಮೂರು ಲಕ್ಷದ ಸಣ್ಣ ಕಾರು ಹುಡುಕುವವರು ಎಂಜಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಬಾಡಿ ಬಗ್ಗೆ ಕಡಿಮೆ. ಮಲೆನಾಡಿನಲ್ಲಿ ಇದು ಉಲ್ಟಾ ಆಗಬೇಕು. ಆಲ್ಟೊ, ವ್ಯಾಗನ್ ಆರ್, ಐ10 ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ತೀರ್ಥಹಳ್ಳಿಯಲ್ಲೂ ಸಿಗುತ್ತಾರೆ, ಸಾಗರದಲ್ಲೂ ಸಿಗುತ್ತಾರೆ. ಸಾಮಾನು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಫ್ಲೋರ್ ತುಕ್ಕು ಹಿಡಿದು ತೂತಾದರೆ? ತಗಡು ಇಟ್ಟು ವೆಲ್ಡಿಂಗ್ ಮಾಡಬಹುದು. ಬಿಸಿ ತಾಗಿದ ಅಂಚಿನಲ್ಲಿ ಮುಂದಿನ ಮಳೆಗೆ ಮತ್ತೆ ತುಕ್ಕು ಏಳುತ್ತದೆ. ಮೇಲಿಂದ ಪಾಲಿಶ್ ಹೊಡೆದ ಇಂಥ ಕಾರು, ಗೆದ್ದಲು ತಿಂದ ತೊಲೆಗೆ ಬಣ್ಣ ಹಚ್ಚಿದ ಹಾಗೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್ ಕಡೆಯೂ ಕಡಿಮೆ ಏನಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ಕಾರಿನ ತಳ ಒಣಗುವುದೇ ಇಲ್ಲ. ನೀರಿಗಿಂತ ಕೆಸರು ಕೆಟ್ಟದ್ದು. ಚಕ್ರದ ಮೇಲಿನ ಕಮಾನಿನ ಒಳಗೆ ಅಂಟಿದ ಕೆಂಪು ಮಣ್ಣು ವಾರಗಟ್ಟಲೆ ಒದ್ದೆ ಹಿಡಿದುಕೊಂಡಿರುತ್ತದೆ. ಹೊರಗೆ ಬಿಸಿಲು ಬಂದರೂ ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಿರುತ್ತದೆ.

ಹಾಗಾಗಿ ಕಾರು ನೋಡಲು ಹೋಗುವಾಗ ಒಂದು ಟಾರ್ಚ್, ಒಂದು ಹಳೇ ಪಂಚೆ ಅಥವಾ ಗೋಣಿಚೀಲ ತೆಗೆದುಕೊಂಡು ಹೋಗಿ. ನೆಲದ ಮೇಲೆ ಹಾಸಿ, ಮಲಗಿ ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಬಾಗಿಲ ಕೆಳಗಿನ ಉದ್ದ ಪಟ್ಟಿ ಇರುತ್ತದಲ್ಲ, ನಾವು ರನ್ನಿಂಗ್ ಬೋರ್ಡ್ ಅನ್ನುತ್ತೇವೆ, ಅದನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ, ಕೆಲವೊಮ್ಮೆ ಪುಡಿ ಉದುರುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕೂತು ಅವು ಮುಚ್ಚಿದ್ದರೆ ಬಾಗಿಲು ಒಳಗಿಂದ ಕೊಳೆಯುತ್ತಿದೆ ಅಂತಲೇ ಲೆಕ್ಕ. ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿ, ಆ ಗುಂಡಿಯಲ್ಲಿ ಕೈಯಾಡಿಸಿ. ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಬೂಷ್ಟು ವಾಸನೆ ಬಂದರೆ ನೀರು ಎಲ್ಲಿಂದಲೋ ಒಳಗೆ ಬರುತ್ತಿದೆ.

ಎಲ್ಲಿಂದ ಅಂತ ನಮ್ಮ ಕಡೆ ಹುಡುಕುವುದು ಸುಲಭ. ವೈಪರ್ ಕೆಳಗೆ, ಬಾನೆಟ್ ಮತ್ತು ಗಾಜಿನ ನಡುವೆ ಒಂದು ತೊಟ್ಟಿಯಂಥ ಜಾಗ ಇದೆ. ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಅಲ್ಲಿ ಎಲೆ ತುಂಬಿ, ಕೊಳೆತು, ನೀರು ಹೋಗುವ ದಾರಿ ಕಟ್ಟುತ್ತದೆ. ನಿಂತ ನೀರು ಬ್ಲೋವರ್ ದಾರಿಯಲ್ಲಿ ಒಳಗಿಳಿದು ಕಾಲಡಿಗೆ ಬರುತ್ತದೆ. ಸನ್‌ರೂಫ್ ಇಲ್ಲದ ಕಾರಿನಲ್ಲಿ ಒಳಗೆ ನೀರು ಹೇಗೆ ಬಂತು ಅಂತ ಮಾಲೀಕರೇ ತಲೆ ಕೆರೆದುಕೊಳ್ಳುತ್ತಿರುತ್ತಾರೆ.

ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಖುಷಿ ಪಡಬೇಡಿ. ಮಾರುವ ಮುಂಚಿನ ವಾರ ಯಾರೂ ಸುಮ್ನೆ ಕೋಟಿಂಗ್ ಮಾಡಿಸುವುದಿಲ್ಲ. ಹಳೆಯದಾಗಿ, ಅಲ್ಲಲ್ಲಿ ಕಲ್ಲು ತಾಗಿ ಸುಲಿದ ಕೋಟಿಂಗ್ ನನಗೆ ಇಷ್ಟ. ಅದು ಕಾಳಜಿಯ ಗುರುತು.

ನಂಬರ್ ಪ್ಲೇಟ್ ಕೂಡ ಸ್ವಲ್ಪ ಮಾತಾಡುತ್ತದೆ. ಕೆಎ 14 ಶಿವಮೊಗ್ಗ, 15 ಸಾಗರ, ನಮ್ಮವೇ. ಉಡುಪಿಯ ಕೆಎ 20, ಕಾರವಾರದ 30 ಆಗಿದ್ದರೆ ಸಮುದ್ರದ ಉಪ್ಪುಗಾಳಿ ತಿಂದ ಕಾರು ಇರಬಹುದು. ಅದರ ಸೈಲೆನ್ಸರ್, ಬ್ರೇಕ್ ಪೈಪ್, ಹಿಂದಿನ ಆಕ್ಸಲ್ ಎರಡೆರಡು ಸಲ ನೋಡಿ. ಬೆಂಗಳೂರಿನ ಕಾರಿಗೆ ತುಕ್ಕು ಕಡಿಮೆ, ಆದರೆ ಟ್ರಾಫಿಕ್‌ನಲ್ಲಿ ಕ್ಲಚ್ ಸವೆದಿರುತ್ತದೆ. ಕ್ಲಚ್ ಬದಲಿಸಬಹುದು. ಅದಕ್ಕೇ ಬಾಡಿ ಗಟ್ಟಿ ಇರುವ ಬೆಂಗಳೂರು ಕಾರಿಗೆ ನನ್ನ ಮತ. ಒಂದೇ ಷರತ್ತು: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ನೀರಲ್ಲಿ ಮುಳುಗಿದ್ದ ಕಾರಾದರೆ ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಎಲ್ಲ ತೊಳೆಯುವವರು ಅದೊಂದನ್ನು ಮರೆಯುತ್ತಾರೆ.

ಇನ್ನು ಎಂಜಿನ್. ‘ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಅವರು ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವ ಸದ್ದು ನಿಮಗೆ ಕೇಳಿಸಬಾರದು ಅಂದುಕೊಂಡಿದ್ದಾರೆ. ಕೀ ಆನ್ ಮಾಡಿದಾಗ ಎಂಜಿನ್, ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟುಗಳು ಒಮ್ಮೆ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈ ಆಡಿಸಿದ್ದಾರೆ.

ಆಯಿಲ್ ಕ್ಯಾಪ್ ಅಡಿಯಲ್ಲಿ ಕೆನೆಯಂಥ ಬಿಳಿ ಪದಾರ್ಥ ಕಂಡರೆ ಆಯಿಲ್ ಮತ್ತು ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ಮಲೆನಾಡಿನ ಆಗಸ್ಟ್‌ನಲ್ಲಿ ಅದನ್ನು ನೋಡಿ ಓಡಿಹೋದರೆ ಒಳ್ಳೆಯ ಕಾರು ಕಳೆದುಕೊಳ್ಳುತ್ತೀರಿ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ತೇವ ತಣ್ಣಗಿನ ಕ್ಯಾಪಿನಲ್ಲಿ ಕೂರುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್‌ನಲ್ಲಿ ಜಿಡ್ಡು ತೇಲದೆ, ಮಟ್ಟವೂ ಸರಿ ಇದ್ದರೆ ಅದು ಬರೀ ಮಳೆಗಾಲದ ತೇವ. ಡಿಪ್‌ಸ್ಟಿಕ್‌ನಲ್ಲೂ ಹಾಲು ಬೆರೆತ ಕಾಫಿ ಬಣ್ಣ ಕಂಡರೆ ಮಾತ್ರ ನಮಸ್ಕಾರ ಹೇಳಿ ಬನ್ನಿ. ಹೊಗೆಯೂ ಹಾಗೆಯೇ. ಚಳಿ ಬೆಳಿಗ್ಗೆ ಬಿಳಿ ಆವಿ ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಇಲ್ಲವೇ ನೀಲಿ ಹೊಗೆ ಬಂದರೆ ಖರ್ಚು ಕಾದಿದೆ. ಕೂಲೆಂಟ್ ಹಸಿರೋ ಕೆಂಪೋ ಇರಲಿ, ಕಂದು ನೀರು ಇರಬಾರದು. ಬರೀ ನೀರು ಹಾಕಿ ಓಡಿಸಿದ ರೇಡಿಯೇಟರ್ ಪೇಟೆಯಲ್ಲಿ ಸುಮ್ಮನಿರುತ್ತದೆ, ಘಾಟಿಯಲ್ಲಿ ಕುದಿಯುತ್ತದೆ.

ಇಲಿಗಳನ್ನು ಮರೆಯಬೇಡಿ. ಕೊಟ್ಟಿಗೆ ಪಕ್ಕ, ಹುಲ್ಲಿನ ಅಟ್ಟದ ಕೆಳಗೆ ನಿಂತ ಕಾರಿನ ವೈರಿಂಗ್ ಅವಕ್ಕೆ ಹಬ್ಬ. ಏರ್ ಫಿಲ್ಟರ್ ಡಬ್ಬ ತೆರೆದು ನೋಡಿ, ಎಷ್ಟೋ ಸಲ ಒಳಗೆ ಹುಲ್ಲು, ಬಟ್ಟೆಚೂರಿನ ಗೂಡು ಸಿಗುತ್ತದೆ. ವೈರಿಂಗ್‌ಗೆ ಹೊಸ ಇನ್ಸುಲೇಶನ್ ಟೇಪ್ ಸುತ್ತಿದ್ದರೆ ಯಾಕೆ ಅಂತ ಕೇಳಿ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವುದು ಟೆಸ್ಟ್ ಡ್ರೈವ್ ಅಲ್ಲ. ಮಟ್ಟಸ ರಸ್ತೆಯಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಒಂದು ಒಳ್ಳೆಯ ಏರು ಹತ್ತಿಸಿ. ಅರ್ಧದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಪೆಡಲ್‌ನಿಂದ ಕಾಲು ತೆಗೆಯಿರಿ. ಕಾರು ಜಾರಬಾರದು. ಅಲ್ಲಿಂದಲೇ ಎತ್ತಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಆ ಖರ್ಚನ್ನು ರೇಟಿನಲ್ಲಿ ಕಡಿಮೆ ಮಾಡಿಸಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಗೇರ್‌ಬಾಕ್ಸ್ ಕೆಲಸ ಇದೆ. ಆಗುಂಬೆಯ 14 ತಿರುವುಗಳಲ್ಲಿ ಇಂಥ ಗೇರ್ ನಂಬುವ ಹಾಗಿಲ್ಲ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಬಾಗಿದೆ.

ಯಾವ ಕಾರು ಅಂತ ಕೊನೆಗೆ ಎಲ್ಲರೂ ಕೇಳುತ್ತಾರೆ. ಮೇಗರವಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಆಲ್ಟೊ 800 ಅಗ್ಗಕ್ಕೆ ಸಿಕ್ಕಿದೆ ಅಂತ ತಂದಿದ್ದರು.

‘ಗೌಡ್ರೇ, ಮನೆ ದಾರಿ ಹೆಂಗಿದೆ?’ ಅಂದೆ.

‘ಟಾರ್ ರೋಡಿಂದ ಒಳಗೆ ಮಣ್ಣು ರಸ್ತೆ. ಕೊನೇಲಿ ಒಂದು ಏರಿದೆ, ಮಳೇಲಿ ಜೀಪೂ ಜಾರ್ತದೆ.’

‘ಎಷ್ಟು ಜನ ಓಡಾಡ್ತೀರಿ?’

‘ಐದು ಜನ. ಅಮ್ಮಂಗೆ ಮಂಡಿ ನೋವು.’

ಆಲ್ಟೊ 800ರದು 796 ಸಿಸಿ ಎಂಜಿನ್. ಇಬ್ಬರು ಓಡಾಡಲು, ಆಫೀಸಿಗೆ ಹೋಗಿ ಬರಲು ಅದರಷ್ಟು ಕಡಿಮೆ ಖರ್ಚಿನ ಕಾರು ಇನ್ನೊಂದಿಲ್ಲ. ಐದು ಜನರನ್ನು ಹೊತ್ತು ಹುಲಿಕಲ್ ಘಾಟಿ ಹತ್ತಿಸಿದರೆ ಅದಕ್ಕೂ ಕಷ್ಟ, ಒಳಗಿದ್ದವರಿಗೂ ಕಷ್ಟ. ಇಂಥ ಮನೆಗೆ ನಾನು ಹೇಳುವುದು 998 ಸಿಸಿಯ ವ್ಯಾಗನ್ ಆರ್. ಸೀಟು ಎತ್ತರ, ವಯಸ್ಸಾದವರು ಬಗ್ಗದೆ ಕೂರಬಹುದು. ತಿರುವಿನಲ್ಲಿ ಸ್ವಲ್ಪ ಓಲಾಡುತ್ತದೆ, ಅಷ್ಟೇ. ಕುಟುಂಬ ಚಿಕ್ಕದಾಗಿದ್ದರೆ ಅದೇ ಎಂಜಿನ್ನಿನ ಆಲ್ಟೊ ಕೆ10. ಹಗುರ ಬಾಡಿ, ಏರಿನಲ್ಲಿ ಚುರುಕು. ಇವೆರಡರಲ್ಲೂ ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಓಡಿಸಲು ಟೈಮಿಂಗ್ ಚೈನ್ ಇದೆ. ಆಲ್ಟೊ 800, ಹಳೆಯ ಸ್ಯಾಂಟ್ರೊ, ಐ10ರ 1.1 ಎಂಜಿನ್‌ನಲ್ಲಿ ಅದರ ಜಾಗದಲ್ಲಿ ರಬ್ಬರ್ ಬೆಲ್ಟ್. ಬೆಲ್ಟ್ ಯಾವಾಗ ಬದಲಿಸಿದ್ದಾರೆ ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಕೊಂಡ ಕೂಡಲೇ ಹೊಸದು ಹಾಕಿಸಿ. ಐ10 ಬೇಕೇ ಬೇಕು ಅನ್ನುವವರು 1.2 ಲೀಟರಿನ ‘ಕಪ್ಪ’ ಅನ್ನುವ ಎಂಜಿನ್ ಹುಡುಕಿ, ಅದು ಒಳ್ಳೆಯ ಎಂಜಿನ್.

ಕ್ವಿಡ್‌ನ ನೆಲದಂತರ (ಗ್ರೌಂಡ್ ಕ್ಲಿಯರೆನ್ಸ್) 180 ಮಿಲಿಮೀಟರ್, ಆಲ್ಟೊದ್ದು 160. ನಡುವೆ ಹುಲ್ಲಿನ ದಿಬ್ಬ ಎದ್ದ ಮಣ್ಣುದಾರಿಯಲ್ಲಿ ಈ ವ್ಯತ್ಯಾಸ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್ ಉಳಿಸುತ್ತದೆ. ಆದರೆ ಕ್ವಿಡ್ ಕೊಂಡರೆ 1.0 ಕೊಳ್ಳಿ, 800 ಬೇಡ. ಸ್ವಿಫ್ಟ್ ಪೆಟ್ರೋಲ್ ಓಡಿಸಲು ಖುಷಿ. ಆದರೆ ಹುಡುಗರ ಕೈಯಲ್ಲಿ ಇದ್ದ ಸ್ವಿಫ್ಟ್‌ಗಳೇ ಮಾರುಕಟ್ಟೆಯಲ್ಲಿ ಜಾಸ್ತಿ, ಸಸ್ಪೆನ್ಷನ್ ಚೆನ್ನಾಗಿ ನೋಡಿ. ಟಿಯಾಗೊ ಭಾರದ ಕಾರು, ಮೂರು ಸಿಲಿಂಡರಿನ ನಡುಕ ಇದೆ, ಆದರೆ ಕಾರುಗಳಿಗೆ ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನ 2020ರ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಪಡೆದದ್ದು. ಷೆವರ್ಲೆ ಬೀಟ್, ಫೋರ್ಡ್ ಫಿಗೊ ಅಗ್ಗಕ್ಕೆ ಸಿಗುತ್ತವೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ಮಾರಾಟಕ್ಕೆ ಕಾರು ತಯಾರಿಸುವುದನ್ನು ನಿಲ್ಲಿಸಿತು. ಕಾರು ಕೆಟ್ಟದ್ದಲ್ಲ, ಆದರೆ ಕೊಪ್ಪದಲ್ಲೋ ರಿಪ್ಪನ್‌ಪೇಟೆಯಲ್ಲೋ ಇರುವವರು ಒಂದು ಸೆನ್ಸರ್‌ಗಾಗಿ ವಾರ ಕಾಯಬೇಕಾಗಬಹುದು. ಮೊದಲ ಕಾರಿಗೆ ಅಷ್ಟು ತಾಪತ್ರಯ ಬೇಡ. ಡೀಸೆಲ್ ಕೂಡ ಬೇಡ, ದಿನವೂ ದೂರ ಓಡುವವರಲ್ಲದಿದ್ದರೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಂಥವು ಈ ಕಡೆ ಬಂದಿವೆ. ಬೇರೆ ರಾಜ್ಯದ ಕಾರಿಗೆ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಬ್ರೋಕರ್ ಹೇಳುವ ರೇಟಿನಲ್ಲಿ ಅದು ಸೇರಿರುವುದಿಲ್ಲ.

ವರ್ಷದ ವಿಷಯದಲ್ಲಿ ನನ್ನದು ಒಂದೇ ಹಟ. ಸಾಧ್ಯವಾದರೆ 2019ರ ಜುಲೈ ನಂತರ ತಯಾರಾದದ್ದು ಕೊಳ್ಳಿ. ಆ ವರ್ಷದ ಏಪ್ರಿಲ್‌ನಿಂದ ಎಬಿಎಸ್, ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯ ಆಯಿತು. ಅದಕ್ಕೂ ಹಿಂದೆ, 2014ರಲ್ಲಿ ಆಲ್ಟೊ 800, ಐ10 ಸೇರಿ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಹೊಡೆಸಿದಾಗ ಐದಕ್ಕೂ ಸೊನ್ನೆ ಬಂದಿತ್ತು. ಹೊಸದಾಗಿ ಕಲಿತವರು ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಗಾಬರಿಯಿಂದ ಬ್ರೇಕ್ ಒತ್ತುತ್ತಾರೆ. ಆಗ ಚಕ್ರ ಲಾಕ್ ಆಗದಿರುವುದು ದೊಡ್ಡ ವಿಷಯ. ಮ್ಯೂಸಿಕ್ ಸಿಸ್ಟಮ್, ಅಲಾಯ್ ವೀಲ್‌ಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ. ತಯಾರಾದ ತಿಂಗಳು ಆರ್‌ಸಿಯಲ್ಲೇ ಇರುತ್ತದೆ.

ಮೀಟರ್ ತಿರುಗಿಸಿದ್ದಾರಾ ಅಂತ ತಿಳಿಯಲು ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ. 2019ರ ಕಾರು ಬರೀ ಇಪ್ಪತ್ತು ಸಾವಿರ ಓಡಿದೆ ಅಂತಾರೆ, ನಾಲ್ಕೂ ಟೈರ್ 2023ರವು. ಯಾಕೆ ಬದಲಿಸಿದಿರಿ ಅಂತ ಕೇಳಬೇಕಲ್ವಾ? ಕ್ಲಚ್ ಪೆಡಲ್ ರಬ್ಬರ್ ಸವೆತವೂ ಸುಳ್ಳು ಹೇಳುವುದಿಲ್ಲ. ಬಾನೆಟ್ ಹಿಂಜ್‌ನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಕಾರಿನ ಮುಂಭಾಗದಲ್ಲಿ ಎಲ್ಲೋ ಟಿಂಕರಿಂಗ್ (ತಗಡಿನ ರಿಪೇರಿ) ಆಗಿದೆ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ದುಡ್ಡು ಪೂರ್ತಿ ಕೊಡುವ ಮುಂಚೆ ಮುಗಿಸಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಆರ್‌ಸಿ ವಿವರ, ವಿಮೆ, ಬಾಕಿ ಚಲನ್ ನೋಡಿಕೊಳ್ಳಿ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಬೇಕು. ಮಾಲೀಕತ್ವ ಬದಲಾಯಿಸಲು ಫಾರ್ಮ್ 29, 30. ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ವಿಮೆಯ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಹದಿಮೂರು ವರ್ಷದ ಕಾರನ್ನು ಕೊಳ್ಳುವವರು ಆಮೇಲಿನ ಎಫ್‌ಸಿ, ಹಸಿರು ತೆರಿಗೆ ಲೆಕ್ಕ ಹಾಕಿಕೊಳ್ಳಿ.

ಕೊಳ್ಳಲು ಒಳ್ಳೆಯ ಸಮಯ ಮಳೆಗಾಲವೇ. ಅಡಿಕೆ ಮಾರಿ ಕೈಗೆ ದುಡ್ಡು ಬಂದಾಗ ಎಲ್ಲರೂ ಕಾರು ಹುಡುಕುತ್ತಾರೆ, ದಸರಾ ಹತ್ತಿರ ರೇಟು ಏರುತ್ತದೆ. ಜುಲೈನಲ್ಲಿ ಕೇಳುವವರಿಲ್ಲ, ಸೋರುವುದೂ ಕಣ್ಣಿಗೆ ಕಾಣುತ್ತದೆ.

ಕಾರಿನ ಬೆಲೆಯ ಹತ್ತರಲ್ಲಿ ಒಂದು ಪಾಲು ಕೈಯಲ್ಲಿ ಉಳಿಸಿಕೊಳ್ಳಿ. ಮೊದಲ ವಾರ ಆಯಿಲ್, ಫಿಲ್ಟರ್, ಕೂಲೆಂಟ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು, ನಮ್ಮ ಹವೆಯಲ್ಲಿ ಅದನ್ನೂ ಬದಲಿಸಲೇಬೇಕು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೂ ಅದೇ ಗುಣ, ಹಾಗಾಗಿ ಕಾರನ್ನು ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಲ್ಲಿಸಬೇಡಿ. ಪೆಟ್ರೋಲ್ ಪೈಪಿನ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ಒಮ್ಮೆ ನೋಡಿಸಿ. ವೈಪರ್ ಬ್ಲೇಡ್ ಮಾತ್ರ ಮೇ ಕೊನೆಗೆ ಹಾಕಿಸಿ. ಫೆಬ್ರವರಿಯಲ್ಲೇ ಹಾಕಿಸಿದರೆ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ, ಜೂನ್ ಮಳೆಗೆ ಗಾಜಿನ ಮೇಲೆ ಗೆರೆ ಎಳೆಯುತ್ತದೆ ಅಷ್ಟೇ.