ಏಣಿಯಿಂದ ಬಿದ್ದವರ ಪರಿಹಾರ: ವೈದ್ಯರಲ್ಲಿ ಕೇಳಬೇಕಾದ ಶೇಕಡಾ ಯಾವುದು?

ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಕರಿಮೆಣಸಿನ ಕೊಯ್ಲು ಶುರುವಾಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಎತ್ತರದಲ್ಲಿ ನಿಂತು ಬಳ್ಳಿಯಿಂದ ಮೆಣಸು ಬಿಡಿಸುವ ಕೆಲಸ. ಏಣಿ ಜಾರಿದರೆ ಸೊಂಟವೋ ಹಿಮ್ಮಡಿಯೋ ಮುರಿಯುತ್ತದೆ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿದರೆ ಪ್ರಾಣವೇ ಹೋಗುತ್ತದೆ.

ಕೆಲಸದಲ್ಲಿ ಪೆಟ್ಟಾದರೆ ಮಾಲೀಕರು ಕಾನೂನಿನಂತೆ ಪರಿಹಾರ ಕೊಡಬೇಕು. ಬಿದ್ದು ಬದುಕಿದವರು ಈ ಪರಿಹಾರದಲ್ಲಿ ಹೆಚ್ಚು ಕಳೆದುಕೊಳ್ಳುವುದು ಒಂದೇ ಒಂದು ಅಂಕಿಯಿಂದ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ವೈದ್ಯರು ಬರೆಯುವ ಶೇಕಡಾ ದೇಹದ ನ್ಯೂನತೆಯದು. ಪರಿಹಾರಕ್ಕೆ ಬೇಕಾದದ್ದು ಗಳಿಕೆಯ ಸಾಮರ್ಥ್ಯ ಎಷ್ಟು ಹೋಯಿತು ಎಂಬ ಶೇಕಡಾ. ಎರಡೂ ಒಂದೇ ಅಲ್ಲ. ಬೆನ್ನುಮೂಳೆಗೆ ಪೆಟ್ಟಾದವರಿಗೆ ದೇಹದ ಲೆಕ್ಕದಲ್ಲಿ 35 ಬರಬಹುದು. ಆದರೆ ಮತ್ತೆಂದೂ ಮರ ಹತ್ತಲಾಗದ, ಚೀಲ ಹೊರಲಾಗದ ಆಳಿನ ದುಡಿಮೆ ಅದರ ಎರಡರಷ್ಟು ಹೋಗಿರಬಹುದು. ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ (ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬಾಟಾ) ಸುಪ್ರೀಂ ಕೋರ್ಟ್ 1975ರಲ್ಲೇ ಇದನ್ನು ಹೇಳಿದೆ: ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು.

ಹಣದ ಲೆಕ್ಕದಲ್ಲಿ ನೋಡಿ. ಸೂತ್ರ ಹೀಗಿದೆ: ತಿಂಗಳ ಸಂಬಳದ ಶೇ. 60, ಅದಕ್ಕೆ ವಯಸ್ಸಿನ ಗುಣಕ, ಅದಕ್ಕೆ ಗಳಿಕೆ ನಷ್ಟದ ಶೇಕಡಾ. ನಲವತ್ತು ವರ್ಷಕ್ಕೆ ಗುಣಕ 184.17. ಸಂಬಳ ₹12,000 ಇದ್ದರೆ 7,200 × 184.17 = ₹13,26,024. ಇದರಲ್ಲಿ ಶೇ. 35 ಅಂದರೆ ₹4,64,108, ಶೇ. 70 ಅಂದರೆ ₹9,28,217. ಪೆಟ್ಟು ಅದೇ, ಆಳು ಅದೇ. ಹಾಗಾಗಿ ವೈದ್ಯರ ಮುಂದೆ ಕುಳಿತಾಗ ಮಾಡುತ್ತಿದ್ದ ಕೆಲಸವನ್ನು ಬಿಡಿಸಿ ಹೇಳಿ: ಎಷ್ಟು ಎತ್ತರ ಹತ್ತುತ್ತಿದ್ದಿರಿ, ಎಷ್ಟು ಭಾರ ಹೊರುತ್ತಿದ್ದಿರಿ, ಇಳಿಜಾರಿನಲ್ಲಿ ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತಿದ್ದಿರಿ. ಇವುಗಳಲ್ಲಿ ಯಾವುದು ಇನ್ನು ಆಗದು ಎಂದು ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ಹೆಬ್ಬೆರಳು ಹೋದರೆ ಇಷ್ಟು ವಾದ ಬೇಕಿಲ್ಲ, ಕಾಯ್ದೆಯ ಪಟ್ಟಿಯಲ್ಲೇ ಶೇ. 30 ಎಂದಿದೆ, ಒಂದು ಕೈಯ ನಾಲ್ಕೂ ಬೆರಳಿಗೆ ಶೇ. 50.

2025ರ ನವೆಂಬರ್ 21ರಿಂದ 1923ರ ಪರಿಹಾರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಲೆಕ್ಕದ ಸೂತ್ರ ಬದಲಾಗಿಲ್ಲ. ಅದಕ್ಕೂ ಮುಂಚಿನ ಅಪಘಾತಕ್ಕೆ ಹಳೆಯ ಕಾಯ್ದೆಯೇ.

ಇನ್ನು ಕಾಗದಪತ್ರ. ಆಸ್ಪತ್ರೆಯ ಮೊದಲ ಚೀಟಿ ಬಹಳ ಮುಖ್ಯ. ಕರೆತಂದವರು ‘ಮನೆ ಹತ್ತಿರ ಬಿದ್ದದ್ದು’ ಎಂದು ಬರೆಸಿದರೆ ಮುಂದೆ ಅದನ್ನು ಅಳಿಸುವುದು ಬಹಳ ಕಷ್ಟ. ‘ತೋಟದಲ್ಲಿ ಕೆಲಸ ಮಾಡುವಾಗ ಏಣಿಯಿಂದ ಬಿದ್ದದ್ದು’ ಎಂದು ಬರೆಸಿ, ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗೆ ತಿಳಿಸುವ ದಾಖಲೆ) ಮಾಡಿಸಿ. ಚೆಕ್‌ರೋಲ್ (ಹಾಜರಿ ಪಟ್ಟಿ) ಅಥವಾ ಬಟವಾಡೆ ಪುಸ್ತಕದಲ್ಲಿ ಹೆಸರಿರುವ ಪುಟದ ಫೋಟೊ, ಜೊತೆಗಿದ್ದ ಇಬ್ಬರ ಹೆಸರು ಇಟ್ಟುಕೊಳ್ಳಿ. ಮಾಲೀಕರಿಗೆ ಅಪಘಾತದ ಸೂಚನೆಯನ್ನು ಬರಹದಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ಪರಿಹಾರದ ಅರ್ಜಿ ಅಪಘಾತದ ದಿನದಿಂದ ಎರಡು ವರ್ಷ ದಾಟಬಾರದು.

ಮೇಸ್ತ್ರಿ ಕರೆತಂದ ಆಳು, ದಿನಗೂಲಿ ಎಂಬ ಮಾತುಗಳಿಗೆ ಹೆದರಬೇಡಿ. ತೋಟದ ಕೆಲಸಕ್ಕೆ ಗುತ್ತಿಗೆದಾರ ಕರೆತಂದರೂ ಮೊದಲ ಹೊಣೆ ತೋಟದ ಮಾಲೀಕರದು. ಅವರು ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಕೊಯ್ಲಿಗೆ ಅಸ್ಸಾಂನಿಂದ ಬಂದವರು ಊರಿಗೆ ಮರಳಿದ ಮೇಲೂ ತಾವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ‘ನಿನ್ನದೇ ಅಜಾಗರೂಕತೆ’ ಎಂಬ ಉತ್ತರವೂ ನಿಲ್ಲದು. ಕುಡಿದಿದ್ದರೆ, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದರೆ ಮಾತ್ರ ತಕರಾರು ಎತ್ತಬಹುದು; ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಅದೂ ನಡೆಯದು. ಆನೆ ದಾಳಿಯಾದರೆ ಅರಣ್ಯ ಇಲಾಖೆ ಕೊಡುವ ಹಣ ಬೇರೆ, ಮಾಲೀಕರ ಹೊಣೆ ಬೇರೆ.

ಹತ್ತಿಪ್ಪತ್ತು ಸಾವಿರ ಕೊಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂದು ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ತಪ್ಪು. ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನ ಬೆಲೆ ಇಲ್ಲ. ಚಿಕಿತ್ಸೆಯ ನಿಜವಾದ ಖರ್ಚನ್ನು ಮಾಲೀಕರು ಬೇರೆಯಾಗಿಯೇ ಭರಿಸಬೇಕು, ಆದ್ದರಿಂದ ಔಷಧದ ಒಂದು ಬಿಲ್ಲೂ ಕಳೆಯಬಾರದು. ಕೊಡಬೇಕಾದ ದಿನದಿಂದ ಒಂದು ತಿಂಗಳು ಮೀರಿದರೆ ಶೇ. 12 ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಶೇ. 50ರವರೆಗೆ ದಂಡ. ಮಾಲೀಕರಿಗೂ ಬೇಗ ಕೊಡುವುದೇ ಅಗ್ಗ; ಕೊಯ್ಲಿಗೆ ಮುಂಚೆ ಆಳುಗಳ ವಿಮೆ ಮಾಡಿಸುವುದು ಇನ್ನೂ ಅಗ್ಗ.

ಗಾಯ ಮಾಗಿದ ಮೇಲಿನ ಕೆಲಸದ ಪ್ರಶ್ನೆ ಕಷ್ಟದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ನೌಕರರನ್ನು ಅಂಗವೈಕಲ್ಯ ಬಂತೆಂದು ತೆಗೆದುಹಾಕುವಂತಿಲ್ಲ. ಖಾಸಗಿ ತೋಟದ ಆಳಿಗೆ ಅದೇ ಖಾತ್ರಿ ಇಲ್ಲ. ಈ ಕೊರತೆ ತುಂಬಲೇಬೇಕು. ಅಲ್ಲಿಯವರೆಗೆ ನರ್ಸರಿಯಲ್ಲಿ ಬುಟ್ಟಿ ತುಂಬುವುದು, ಕಣ ಕಾಯುವುದು, ತೂಕ ಬರೆಯುವುದು ಇಂಥ ಕೆಲಸವನ್ನು ಬರಹದಲ್ಲೇ ಕೇಳಿ. ಹಗುರ ಕೆಲಸ ಒಪ್ಪಿಕೊಂಡ ಮಾತ್ರಕ್ಕೆ ಪರಿಹಾರದ ಹಕ್ಕು ಅಳಿಯುವುದಿಲ್ಲ. ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.