ಬೈಪಾಸ್ ರೇಖೆ ಎಳೆಯುವ ಮೊದಲು

ಸಣ್ಣ ನಗರದ ಬೈಪಾಸ್ ಬಗ್ಗೆ ಸಭೆ ಕರೆದರೆ ಮೇಜಿನ ಮೇಲೆ ಮೊದಲು ಹರಡುವುದೇ ನಕ್ಷೆ. ಊರಿನ ಸುತ್ತ ಕೆಂಪು ಶಾಯಿಯ ಗೆರೆ ಎಳೆದಾಗಿರುತ್ತದೆ. ಯಾರ ಜಮೀನು ಹೋಗುತ್ತದೆ, ಯಾವ ದಿಕ್ಕಿನಲ್ಲಿ ಖರ್ಚು ಕಡಿಮೆ ಎಂಬ ವಾದವೂ ಶುರುವಾಗಿರುತ್ತದೆ. ಹೆದ್ದಾರಿ ಯೋಜನೆಗಳಲ್ಲಿ ಕೆಲಸ ಮಾಡುವ ನಾನು, ಆ ನಕ್ಷೆಯನ್ನು ಸ್ವಲ್ಪ ಹೊತ್ತು ಮಡಚಿಡಿ ಎನ್ನುತ್ತೇನೆ. ಊರೊಳಗಿನ ರಸ್ತೆಯಲ್ಲಿ ಈಗ ಓಡಾಡುತ್ತಿರುವವರು ಯಾರು ಎಂಬುದು ಮೊದಲು ಗೊತ್ತಾಗಬೇಕು.

ಇದನ್ನು ತಿಳಿಯುವ ಕ್ರಮ ಹೊಸದಲ್ಲ. ಬೈಪಾಸ್‌ಗೆ ಬೇಕಾದ ಸಂಚಾರ ಅಧ್ಯಯನಕ್ಕೆಂದೇ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಊರಿಗೆ ಬರುವ ಪ್ರತಿ ರಸ್ತೆಯ ಹೊರಗಡಿಯಲ್ಲಿ ನಿಂತು ವಾಹನಗಳನ್ನು ಎಣಿಸಬೇಕು, ಒಂದಷ್ಟು ವಾಹನಗಳನ್ನು ನಿಲ್ಲಿಸಿ ಎಲ್ಲಿಂದ ಎಲ್ಲಿಗೆ ಎಂದು ಕೇಳಬೇಕು. ಬೈಪಾಸ್ ಹಿಡಿಯುವುದು ಊರಿನಲ್ಲಿ ಕೆಲಸವಿಲ್ಲದೆ ದಾಟಿ ಹೋಗುವ ವಾಹನ ಮಾತ್ರ. ಊರು ಚಿಕ್ಕದಿದ್ದಷ್ಟೂ ಅಂಥವುಗಳ ಪಾಲು ಹೆಚ್ಚು. ಊರು ಬೆಳೆದಂತೆ ಅಲ್ಲಿಗೇ ಬರುವವರ, ಅಲ್ಲೇ ಸುತ್ತುವವರ ಸಂಖ್ಯೆ ಏರುತ್ತದೆ. ದಟ್ಟಣೆಗೆ ಬಸ್ ನಿಲ್ದಾಣ, ಎಪಿಎಂಸಿ ಮತ್ತು ವಾರದ ಸಂತೆ ಕಾರಣವಾಗಿದ್ದರೆ ಎಷ್ಟು ಕೋಟಿ ಸುರಿದು ಬೈಪಾಸ್ ಕಟ್ಟಿದರೂ ಪೇಟೆ ಬೀದಿ ಸಡಿಲವಾಗುವುದಿಲ್ಲ. ಎಣಿಕೆಯ ವಾರವನ್ನೂ ನೋಡಿ ಆರಿಸಬೇಕು. ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲದ ರಸ್ತೆ ಬೇರೆ, ದಸರೆಗೆ ಜನ ಮೈಸೂರಿಗೆ ಹರಿಯುವ ಕಾಲದ ರಸ್ತೆ ಬೇರೆ.

ಈ ಸಮೀಕ್ಷೆ ವ್ಯಾಪಾರಿಗಳ ಭವಿಷ್ಯವನ್ನೂ ಹೇಳುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ–ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಮದ್ದೂರಿನಲ್ಲಿ ಮೇಲ್ಸೇತುವೆ ಇದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತ ದಾರಿ ಬದಲಾದರೂ ಬಂದೇ ಬರುತ್ತಾನೆ. ಚನ್ನಪಟ್ಟಣದ ರಸ್ತೆಬದಿಯ ಬೊಂಬೆ ಅಂಗಡಿಯ ಗಿರಾಕಿಯಾದರೋ ಮೈಸೂರಿಗೆ ಹೊರಟು ನಡುವೆ ಕಾರು ನಿಲ್ಲಿಸಿದವನು. ಹೊಸ ರಸ್ತೆ ತೆರೆದ ಮೇಲೆ ವ್ಯಾಪಾರ ಕುಸಿಯಿತೆಂದು ಅಂಗಡಿಯವರು ಹೇಳಿದ್ದರಲ್ಲಿ ಅಚ್ಚರಿಯಿಲ್ಲ. ಅವರಿಗೆ ಬೈಪಾಸ್ ಬದಿಯಲ್ಲಿ ಜಾಗ ಕೊಡುವ ಯೋಚನೆ ಯೋಜನಾ ವರದಿಯ ಹಂತದಲ್ಲೇ ಬರಬೇಕು. ಅಂಗಡಿಗೆ ಬಾಗಿಲು ಬಿದ್ದ ಮೇಲೆ ಆ ಮಾತಿಗೆ ಬೆಲೆಯಿಲ್ಲ.

ಇನ್ನು ನೀರು. ನನ್ನ ಮಟ್ಟಿಗೆ ಬೈಪಾಸ್ ಯೋಜನೆಯ ಅತಿ ಕಠಿಣ ಭಾಗ ಇದೇ. ನಮ್ಮ ಊರುಗಳು ಕೆರೆಗಳ ನಡುವೆ ಬೆಳೆದವು. ಊರನ್ನು ಬಿಟ್ಟು ಸುತ್ತುವ ರಸ್ತೆ ಅಚ್ಚುಕಟ್ಟಿನ ಮೇಲೆ, ಕೋಡಿಹಳ್ಳದ ಮೇಲೆ, ಒಂದು ಕೆರೆಯಿಂದ ಇನ್ನೊಂದಕ್ಕೆ ನೀರೊಯ್ಯುವ ಕಾಲುವೆಯ ಮೇಲೆ ಹಾಯಲೇಬೇಕು. ನೆಲದಿಂದ ಎತ್ತರಿಸಿದ ರಸ್ತೆ ನೀರಿನ ಪಾಲಿಗೆ ಇನ್ನೊಂದು ಏರಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರ ಸುತ್ತಲಿನ ಕೆರೆಗಳು ಉಕ್ಕಿ ಹೆದ್ದಾರಿಯ ಮೇಲೆ ನೀರು ನಿಂತದ್ದನ್ನು, ವಾಹನಗಳು ಮುಳುಗಿದ್ದನ್ನು ರಾಜ್ಯವೇ ನೋಡಿತು. ಮೋರಿಯ ಅಳತೆಯನ್ನು ಮಳೆಯ ದಾಖಲೆಯಿಂದ ಲೆಕ್ಕ ಹಾಕುತ್ತೇವೆ, ಸರಿ. ಆದರೆ ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಯಾವ ಗದ್ದೆಯ ಮೇಲೆ ನುಗ್ಗುತ್ತದೆ ಎಂಬುದು ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ. ಅದು ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಊರಿನ ನೀರುಗಂಟಿಗೆ ಗೊತ್ತು. ವಿಶ್ವೇಶ್ವರಯ್ಯ ನಾಲೆಯ ಸೀಮೆಯಲ್ಲಂತೂ ಗದ್ದೆಗೆ ನೀರು ಹಾಯಿಸುವ ಚಿಕ್ಕ ಕಾಲುವೆಗಳು ನಕ್ಷೆಯಲ್ಲಿ ಇರುವುದೇ ಅಪರೂಪ. ಅಲ್ಲೊಂದು ಕೊಳವೆ ಮರೆತರೆ ರಸ್ತೆಯ ಒಂದು ಬದಿ ಬೀಳು, ಇನ್ನೊಂದು ಬದಿ ಜವಳು.

ಗದ್ದೆ ಎರಡು ಹೋಳಾದಾಗ ರೈತ ದಾಟುವುದು ಎಲ್ಲಿ? ಲಘು ವಾಹನಗಳ ಅಂಡರ್‌ಪಾಸ್‌ಗೆ 4 ಮೀಟರ್, ದೊಡ್ಡ ವಾಹನಗಳದ್ದಕ್ಕೆ 5.5 ಮೀಟರ್ ಎತ್ತರ ಬಿಡುತ್ತಾರೆ. ಕಬ್ಬು ಹೇರಿದ ಲಾರಿ ಹಾಯುವ ದಾರಿಯಲ್ಲಿ 4 ಮೀಟರಿನದನ್ನು ಕಟ್ಟಿದರೆ ಅದು ಬೈಕು, ಕಾರಿನಂಥ ಸಣ್ಣ ವಾಹನಗಳಿಗೆ ಮಾತ್ರ ಉಪಯೋಗ. ಅಂಡರ್‌ಪಾಸ್ ದೂರವಾದರೆ ಜನ ನಡುವಿನ ಬೇಲಿಯನ್ನು ಮುರಿದು ದಾಟುತ್ತಾರೆ, ಸಾಯುತ್ತಾರೆ. ಅವರನ್ನು ಬೈಯುವುದು ಅನ್ಯಾಯ.

ಸ್ಥಳೀಯರನ್ನು ಕೇಳಿ ಎಂದರೆ ಅಧಿಕಾರಿಗಳಿಗೆ ಒಂದು ಭಯ, ಅದು ಸುಳ್ಳಲ್ಲ. ರಸ್ತೆ ಹಾಯುವ ಸರ್ವೆ ನಂಬರ್ ಹೊರಬಿದ್ದರೆ ಮರುದಿನವೇ ಜಮೀನು ಕೈಬದಲಾಗುತ್ತದೆ. ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳು ಪರಿಹಾರದ ಲೆಕ್ಕಕ್ಕೆ ಬರುವುದರಿಂದ ದರವನ್ನು ಉಬ್ಬಿಸುವವರೂ ಹುಟ್ಟುತ್ತಾರೆ. ಹಾಗೆಂದು ಎಲ್ಲವನ್ನೂ ಮುಚ್ಚಿಟ್ಟರೆ, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಅಧಿಸೂಚನೆ ಹೊರಟ ಮೇಲೆ ರೈತನಿಗೆ ಆಕ್ಷೇಪಣೆಗೆ ಸಿಗುವುದು 21 ದಿನ. ಅಷ್ಟರಲ್ಲಿ ಗೆರೆ ಗಟ್ಟಿಯಾಗಿರುತ್ತದೆ. ಪೋಡಿಯಾಗದೆ, ಅಂದರೆ ಅಳೆದು ಬೇರೆ ಮಾಡದೆ, ಹಲವರ ಹೆಸರು ಒಂದೇ ಪಹಣಿಯಲ್ಲಿ ಇರುವವರು ಆ ದಿನಗಳನ್ನು ತಾಲ್ಲೂಕು ಕಚೇರಿಯ ಕಾಗದಕ್ಕೇ ಕಳೆಯುತ್ತಾರೆ. ಮೂರು ಪರ್ಯಾಯ ಮಾರ್ಗಗಳನ್ನು ಸ್ಥೂಲವಾಗಿ ತೋರಿಸಿ, ನೀರು ಹರಿಯುವ ಮತ್ತು ದನಕರು, ಗಾಡಿ ದಾಟುವ ಜಾಗಗಳನ್ನು ಮೂರರಲ್ಲೂ ಗ್ರಾಮಸಭೆಯಲ್ಲಿ ಗುರುತಿಸಿಕೊಳ್ಳಬಹುದು. ಆ ಪ್ರಶ್ನೆಗಳಿಗೆ ಸರ್ವೆ ನಂಬರ್ ಬೇಕಿಲ್ಲ.

ಅಗಲದ ವಿಷಯದಲ್ಲಿ ಜಿಪುಣತನ ಕೂಡದು. ಹುಬ್ಬಳ್ಳಿ–ಧಾರವಾಡ ಬೈಪಾಸ್ ಇದಕ್ಕೆ ನೋವಿನ ಸಾಕ್ಷಿ. ಎರಡೂ ತುದಿಯಲ್ಲಿ ಹೆದ್ದಾರಿ ನಾಲ್ಕು ಪಥವಾದ ಮೇಲೂ ನಡುವಿನ ಸುಮಾರು 30 ಕಿಲೋಮೀಟರ್ ಎರಡೇ ಪಥವಾಗಿ ವರ್ಷಗಟ್ಟಲೆ ಉಳಿಯಿತು. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರ ಜೀವ ತೆಗೆದದ್ದು ಇದೇ ರಸ್ತೆಯ ಮುಖಾಮುಖಿ ಡಿಕ್ಕಿ. ಮೊದಲ ಹಂತದಲ್ಲಿ ಎರಡೇ ಪಥ ಕಟ್ಟಿದರೂ 60 ಮೀಟರ್ ಅಗಲದ ಜಾಗವನ್ನು ಒಂದೇ ಸಲ ಪಡೆಯಬೇಕು. ಕಿಲೋಮೀಟರಿಗೆ ಸುಮಾರು 15 ಎಕರೆ ಆಗುತ್ತದೆ, ಸಣ್ಣ ಮಾತಲ್ಲ. ಆದರೆ ಅಕ್ಕಪಕ್ಕ ಮನೆ ಎದ್ದ ಮೇಲೆ ಅದೇ ಜಾಗ ಸಿಗುವುದೇ ಇಲ್ಲ.

ಮನೆಗಳು ಏಳದಂತೆ ತಡೆಯಲು ನಿಯಮವಿದೆ. ಊರಿನಾಚೆಯ ಬಯಲು ಸೀಮೆಯಲ್ಲಿ ರಸ್ತೆಯ ಮಧ್ಯದಿಂದ 40 ಮೀಟರ್ ಕಟ್ಟಡ ರೇಖೆ, ಅದರೊಳಗೆ ಕಟ್ಟುವಂತಿಲ್ಲ; 75 ಮೀಟರ್ ನಿಯಂತ್ರಣ ರೇಖೆ, ಅಲ್ಲಿಯವರೆಗೆ ಕಟ್ಟಡಗಳ ಮೇಲೆ ನಿಯಂತ್ರಣ. ಅದನ್ನು ನಗರ ಯೋಜನಾ ಪ್ರಾಧಿಕಾರದ ಮಹಾಯೋಜನೆಯಲ್ಲಿ ಬರೆಯದಿದ್ದರೆ ಭೂಪರಿವರ್ತನೆಯಾದ ಬಡಾವಣೆಗಳು ನೇರವಾಗಿ ಬೈಪಾಸ್‌ಗೆ ಬಾಗಿಲು ತೆರೆಯುತ್ತವೆ, ಹತ್ತು ವರ್ಷದಲ್ಲಿ ಅದಕ್ಕೊಂದು ಬೈಪಾಸ್ ಬೇಕಾಗುತ್ತದೆ. ಸರ್ವಿಸ್ ರಸ್ತೆ ತುಂಡಾಗದೆ ಸಾಗಬೇಕು. 2023ರ ಆಗಸ್ಟ್‌ನಿಂದ ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಅವರಿಗೆ ಉಳಿದದ್ದು ಸರ್ವಿಸ್ ರಸ್ತೆ ಒಂದೇ.

ಊರೊಳಗಿನ ಹಳೆಯ ಹೆದ್ದಾರಿ ಸಾಮಾನ್ಯವಾಗಿ ರಾಜ್ಯದ ವಶಕ್ಕೆ ಬರುತ್ತದೆ. ಲಾರಿಗಳಿಗಾಗಿ ಅಗಲಿಸಿದ ಆ ಬೀದಿಗೆ ಪಾದಚಾರಿ ಮಾರ್ಗ, ಮರದ ಸಾಲು, ಚರಂಡಿ, ಶಾಲೆಯ ಮುಂದೆ ದಾಟುವ ಜಾಗ ಬೇಕು. ಅದರ ಅಂದಾಜು ವೆಚ್ಚ ಬೈಪಾಸ್‌ನ ಯೋಜನಾ ವರದಿಯಲ್ಲೇ ಸೇರಿರಬೇಕೆಂದು ನಾನು ಪ್ರತಿ ಸಭೆಯಲ್ಲೂ ಒತ್ತಾಯಿಸುತ್ತೇನೆ. ಹಸ್ತಾಂತರದ ನಂತರ ಅಷ್ಟು ಹಣ ಹೊಂದಿಸುವ ಶಕ್ತಿ ಸಣ್ಣ ನಗರಸಭೆಗಳಿಗೆ ಇರುವುದಿಲ್ಲ.