ಒಬ್ಬರೇ ಹಾಯಿಕಂಬ ಎತ್ತುವುದು: ಭಾರಕ್ಕಿಂತ ಓಲಾಟವೇ ಅಪಾಯ

ಅಟ್ಟಕ್ಕೆ ಉದ್ದದ ಏಣಿ ನಿಲ್ಲಿಸುವುದನ್ನು ನೋಡಿರುತ್ತೀರಿ. ಬುಡವನ್ನು ಗೋಡೆಗೆ ಒತ್ತಿಟ್ಟು, ತುದಿಯಿಂದ ಒಂದೊಂದೇ ಮೆಟ್ಟಿಲಿಗೆ ಕೈ ಬದಲಿಸುತ್ತ ಬುಡದ ಕಡೆ ನಡೆದುಬಂದರೆ ಏಣಿ ಎದ್ದು ನಿಲ್ಲುತ್ತದೆ. ಟ್ರೇಲರ್ ಮೇಲೆ ಕೊಂಡೊಯ್ಯುವ ಪುಟ್ಟ ಹಾಯಿದೋಣಿಯ ಕಂಬವನ್ನೂ ಹೀಗೆಯೇ ಎತ್ತಬಹುದು, ಜೊತೆಗೆ ಇನ್ನೊಬ್ಬರಿದ್ದರೆ. ಒಬ್ಬರೇ ಇದ್ದಾಗ ತೊಡಕು ಶುರುವಾಗುವುದು ಕಂಬ ನೆಟ್ಟಗಾದ ಮೇಲೆ. ಕೈ ಬಿಟ್ಟರೆ ಅದು ಬೀಳುತ್ತದೆ. ಕೈ ಬಿಡದೆ ದೋಣಿಯ ಮೂತಿಗೆ ಹೋಗಿ ಮುಂದಿನ ತಂತಿಯನ್ನು ಸಿಕ್ಕಿಸಲು ಆಗುವುದಿಲ್ಲ.

ಏಳು ಮೀಟರ್ ಉದ್ದದ ಒಂದು ದೋಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಲ್ಯುಮಿನಿಯಂ ಕಂಬ 8 ಮೀಟರ್, ತಂತಿಗಳೂ ಸೇರಿ ತೂಕ 30 ಕೆ.ಜಿ. ಬುಡವು ಕ್ಯಾಬಿನ್ ಚಾವಣಿಯ ಮೇಲೊಂದು ಕೀಲಿಗೆ ಸಿಕ್ಕಿದೆ, ಕಂಬ ಹಿಂದಕ್ಕೆ ಮಲಗಿದೆ. ಭಾರಕೇಂದ್ರ ಬುಡದಿಂದ 4 ಮೀಟರ್ ದೂರದಲ್ಲಿರುವುದರಿಂದ ಕೀಲಿನ ಸುತ್ತ 120 ಕೆ.ಜಿ.-ಮೀಟರಿನಷ್ಟು, ಅಂದರೆ ಒಂದು ಮೀಟರ್ ತೋಳಿನ ತುದಿಗೆ 120 ಕೆ.ಜಿ. ತೂಗಿದಷ್ಟು ತಿರುಗುಬಲ ಇದೆ. ಕಂಬದ ಮೇಲ್ತುದಿಗೆ ಹಗ್ಗ ಕಟ್ಟಿ ಮೂತಿಯಿಂದ ನೇರವಾಗಿ ಎಳೆದರೆ ಏನೂ ಆಗುವುದಿಲ್ಲ. ಮಲಗಿದ ಕಂಬದ ಗುಂಟವೇ ಸಾಗುವ ಆ ಹಗ್ಗ ಕೀಲಿನ ಪಕ್ಕದಲ್ಲೇ ಹಾದುಹೋಗುತ್ತದೆ. ಎಳೆತವೆಲ್ಲ ಕಂಬವನ್ನು ಕೀಲಿಗೆ ಒತ್ತುವುದಕ್ಕೇ ಖರ್ಚಾಗಿ, ಎತ್ತುವುದಕ್ಕೆ ಏನೂ ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ಜಿನ್ ಪೋಲ್: ಸುಮಾರು 2 ಮೀಟರ್ ಉದ್ದದ, 50 ಮಿ.ಮೀ. ದಪ್ಪದ ಅಲ್ಯುಮಿನಿಯಂ ಕೊಳವೆ. ಅದರ ಬುಡವನ್ನು ಕಂಬದ ಬುಡಕ್ಕೆ ಜೋಡಿಸಿ, ಕಂಬ ಮಲಗಿರುವಾಗ ಕೊಳವೆ ನೆಟ್ಟಗೆ ನಿಲ್ಲುವಂತೆ ಇಡುತ್ತಾರೆ. ಕಂಬದ ಮೇಲಿಂದ ಬರುವ, ಹಾಯಿ ಏರಿಸುವ ಹ್ಯಾಲ್ಯಾರ್ಡ್ ಹಗ್ಗವನ್ನು ಕೊಳವೆಯ ತುದಿಗೆ ಬಿಗಿದು, ಅದೇ ತುದಿಯಿಂದ ಮೂತಿಗೆ ರಾಟೆಜೋಡಿ ಹಾಕಬೇಕು. ಮೂತಿ ಕೀಲಿನಿಂದ ಎರಡೂವರೆ ಮೀಟರ್ ಮುಂದಿದ್ದರೆ ಎಳೆಯುವ ಹಗ್ಗ ಈಗ ಕೀಲಿನಿಂದ 1.56 ಮೀಟರ್ ದೂರದಲ್ಲಿ ಹಾಯುತ್ತದೆ. 120ನ್ನು 1.56ರಿಂದ ಭಾಗಿಸಿದರೆ 77 ಕೆ.ಜಿ. ನಾಲ್ಕು ಪಟ್ಟಿನ ರಾಟೆಜೋಡಿಯಲ್ಲಿ ಅದು ಸುಮಾರು 19ಕ್ಕೆ ಇಳಿಯುತ್ತದೆ. ರಾಟೆಗಳ ಉಜ್ಜಾಟ ಸೇರಿಸಿದರೂ ಕೈಗೆ ಬರುವುದು 25 ಕೆ.ಜಿ.ಯ ಆಸುಪಾಸು. ತುಂಬಿದ ಒಂದು ಅಕ್ಕಿ ಮೂಟೆಯ ತೂಕ, ಅಷ್ಟೇ.

ಕಂಬ ಏಳುತ್ತ ಹೋದಂತೆ ಕೆಲಸ ಹಗುರವಾಗುತ್ತದೆ. 45 ಡಿಗ್ರಿಗೆ ಬರುವಷ್ಟರಲ್ಲಿ 77 ಕೆ.ಜಿ.ಯ ಎಳೆತ 43ಕ್ಕೆ ಇಳಿದಿರುತ್ತದೆ. ಇದಕ್ಕೆ ತೆರುವ ಬೆಲೆ ಹಗ್ಗದ ಉದ್ದ: ಕೊಳವೆಯ ತುದಿ ಮೂತಿಗೆ 2.7 ಮೀಟರ್ ಹತ್ತಿರವಾಗಲು ಅದರ ನಾಲ್ಕರಷ್ಟು, ಅಂದರೆ ಹತ್ತಿರ ಹತ್ತಿರ 11 ಮೀಟರ್ ಹಗ್ಗ ಎಳೆಯಬೇಕು. ಹಗ್ಗ ಪಾಲಿಯೆಸ್ಟರ್‌ನದೇ ಇರಲಿ. ನೈಲಾನ್ ರಬ್ಬರಿನಂತೆ ಹಿಗ್ಗುವುದರಿಂದ ಕಂಬ ತೂಗುಯ್ಯಾಲೆಯಾಡುತ್ತದೆ.

ಇಂಗ್ಲೆಂಡಿನ ನಾರ್ಫೋಕ್ ಹೊಳೆಗಳಲ್ಲಿ ಸರಕು ಸಾಗಿಸುತ್ತಿದ್ದ ವೆರಿ ಎಂಬ ಹಾಯಿದೋಣಿಗಳಿಗೆ ತಗ್ಗು ಸೇತುವೆಗಳ ಕೆಳಗೆ ಮತ್ತೆ ಮತ್ತೆ ಕಂಬ ಇಳಿಸಿ ಏರಿಸಬೇಕಿತ್ತು. ಅವರ ಉಪಾಯ ನಮ್ಮ ಏತದ್ದೇ: ಕೀಲಿನ ಕೆಳಗೆ ಚಾಚಿದ ಕಂಬದ ಬುಡಕ್ಕೆ ಭಾರೀ ಸೀಸದ ತೂಕ. 1898ರಲ್ಲಿ ಕಟ್ಟಿದ ಆಲ್ಬಿಯನ್ ಎಂಬ ವೆರಿ ಇಂದಿಗೂ ಉಳಿದುಬಂದಿದೆ. ನಮ್ಮ ಲೆಕ್ಕದ ದೋಣಿಗೆ ಈ ಉಪಾಯ ಒಗ್ಗದು. ಅರ್ಧ ಮೀಟರ್ ಬಾಲದಲ್ಲಿ 30 ಕೆ.ಜಿ. ಕಂಬವನ್ನು ಸರಿದೂಗಿಸಲು 240 ಕೆ.ಜಿ. ಸೀಸ ಹೊರಬೇಕಾಗುತ್ತದೆ.

ಇಷ್ಟಾದರೆ ಭಾರದ ಪ್ರಶ್ನೆ ಮುಗಿಯಿತು. ಅಪಘಾತಗಳಾಗುವುದು ಇನ್ನೊಂದು ಕಾರಣಕ್ಕೆ: ಕಂಬ ಪಕ್ಕಕ್ಕೆ ವಾಲುತ್ತದೆ. ಎಡಬಲದ ಶ್ರೌಡ್ ತಂತಿಗಳು ಹಿಡಿದುಕೊಳ್ಳುತ್ತವೆ ಎಂಬ ನಂಬಿಕೆಯೇ ಮೋಸ ಮಾಡುವುದು. ಅವುಗಳ ಕೆಳತುದಿ ಡೆಕ್ಕಿನ ಅಂಚಿನಲ್ಲಿದೆ, ಕಂಬದ ಕೀಲು ಕ್ಯಾಬಿನ್ ಮೇಲೆ, ಸುಮಾರು 40 ಸೆಂ.ಮೀ. ಎತ್ತರದಲ್ಲಿ. ತಂತಿಯ ಉದ್ದ ನೆಟ್ಟಗೆ ನಿಂತ ಕಂಬಕ್ಕೆ ಸರಿಹೊಂದುವಂಥದ್ದು. ಕಂಬ ಮಲಗಿದಾಗ ಅದು ಹೆಚ್ಚುಕಡಿಮೆ 38 ಸೆಂ.ಮೀ. ಸಡಿಲವಾಗುತ್ತದೆ. 45 ಡಿಗ್ರಿಯಲ್ಲೂ 11 ಸೆಂ.ಮೀ. ಸಡಿಲ ಉಳಿದಿರುತ್ತದೆ, ಅಷ್ಟರಲ್ಲೇ ಕಂಬದ ಮೇಲ್ಭಾಗ ಪಕ್ಕಕ್ಕೆ 70 ಸೆಂ.ಮೀ. ಸರಿಯಬಲ್ಲದು. ಆಗ ಕೀಲಿಗೆ ಬೀಳುವ ಏಟನ್ನು ಗಮನಿಸಿ. 8 ಮೀಟರ್ ತುದಿಯಲ್ಲಿ ಬರೀ 5 ಕೆ.ಜಿ. ಪಕ್ಕಬಲ, 10 ಸೆಂ.ಮೀ. ಅಗಲದ ಕೀಲಿನ ಒಂದು ಬದಿಯನ್ನು 400 ಕೆ.ಜಿ. ಬಲದಿಂದ ಕೀಳುತ್ತದೆ. ಬೋಲ್ಟು ಡೆಕ್ಕಿನಿಂದ ಕಿತ್ತು ಬರುವುದು ಹೀಗೆ. ದೋಣಿ ನೀರಿನಲ್ಲಿದ್ದು, ಯಾವುದೋ ಮೋಟಾರು ದೋಣಿಯ ಅಲೆ ಬಂದು ಬಡಿದರೆ 5 ಕೆ.ಜಿ. ಏನೂ ದೊಡ್ಡದಲ್ಲ.

ಆದ್ದರಿಂದ ಎರಡು ತಾತ್ಕಾಲಿಕ ಪಕ್ಕಹಗ್ಗಗಳು ಬೇಕೇ ಬೇಕು. ಮೇಲ್ತುದಿ ಕಂಬದ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿರಲಿ. ಕೆಳತುದಿಯ ಜಾಗದಲ್ಲಿ ಮಾತ್ರ ರಾಜಿ ಬೇಡ: ಅದು ಕೀಲಿನ ಪಿನ್ನನ್ನು ಎಡಕ್ಕೂ ಬಲಕ್ಕೂ ಚಾಚಿದರೆ ಬರುವ ನೇರಗೆರೆಯ ಮೇಲೆಯೇ ಕೂರಬೇಕು. ಆಗ ಕಂಬ ಯಾವ ಕೋನದಲ್ಲಿದ್ದರೂ ಹಗ್ಗದ ಬಿಗಿ ಬದಲಾಗದು. ಆ ಗೆರೆಯಲ್ಲಿ ಕಟ್ಟಲು ಏನೂ ಇಲ್ಲದಿದ್ದರೆ ಒಂದು ಉಕ್ಕಿನ ಉಂಗುರ ತನ್ನಿ. ಡೆಕ್ಕಿನ ಅಂಚಿನಲ್ಲಿ ಮುಂದೊಂದು, ಹಿಂದೊಂದು ಗಟ್ಟಿ ಜಾಗದಿಂದ ತುಂಡುಹಗ್ಗ ಬಿಟ್ಟು, ಉಂಗುರ ಸರಿಯಾಗಿ ಪಿನ್ನಿನ ಮಟ್ಟಕ್ಕೆ ಬರುವಂತೆ ಅಳೆದು ಕಟ್ಟಿ, ಪಕ್ಕಹಗ್ಗವನ್ನು ಆ ಉಂಗುರಕ್ಕೆ ಹಾಕಿ. ಜಿನ್ ಪೋಲ್‌ನ ತುದಿಗೂ ಇಂಥದೇ ಎರಡು ಹಗ್ಗ ಬೇಕು. ಒಂಟಿ ಕೊಳವೆಯ ಬದಲು ಎರಡು ಕೊಳವೆಗಳನ್ನು ಕವೆಯಂತೆ ಜೋಡಿಸಿ, ಕಾಲುಗಳನ್ನು ಕೀಲಿನ ಗೆರೆಯಲ್ಲೇ ಊರಿದರೆ ಈ ಹಗ್ಗಗಳ ಗೊಡವೆ ತಪ್ಪುತ್ತದೆ.

ಎತ್ತುವ ಮೊದಲು ತಲೆ ಎತ್ತಿ ನೋಡಿ. ಟ್ರೇಲರ್ ಮೇಲಿನ ದೋಣಿಯಲ್ಲಿ ಕಂಬದ ತುದಿ ನೆಲದಿಂದ ಹತ್ತು ಮೀಟರ್ ದಾಟುತ್ತದೆ. ವಿದ್ಯುತ್ ತಂತಿ ಹತ್ತಿರವೆಲ್ಲಾದರೂ ಇದ್ದರೆ ಜಾಗ ಬದಲಿಸಿ; ಹೈಟೆನ್ಷನ್ ವಿದ್ಯುತ್ತು ಮುಟ್ಟದೆಯೂ ಹಾರಬಲ್ಲದು. ಟ್ರೇಲರ್ ಕಾರಿಗೆ ಕೊಂಡಿ ಹಾಕಿಯೇ ಇರಲಿ, ಇಲ್ಲದಿದ್ದರೆ ನೀವು ಹಿಂಬದಿಗೆ ಹೋದೊಡನೆ ಅದು ಹಿಂದಕ್ಕೆ ಕವುಚಬಹುದು. ಬ್ಯಾಕ್‌ಸ್ಟೇ (ಕಂಬದ ತುದಿಯಿಂದ ದೋಣಿಯ ಹಿಂಬದಿಗೆ ಬರುವ ತಂತಿ), ಮೇಲಿನ ಶ್ರೌಡ್, ಕಂಬದ ನಡುವಿನಿಂದ ಇಳಿಯುವ ಹಿಂದಿನ ಕೆಳ ಶ್ರೌಡ್ ಇಷ್ಟನ್ನು ಮೊದಲೇ ಸಿಕ್ಕಿಸಿ. ಮುಂದಿನ ಕೆಳ ಶ್ರೌಡ್‌ಗಳನ್ನು ಬಿಟ್ಟಿರಬೇಕು, ಅವು ಕಂಬ ಮಲಗಿದಾಗ ಉದ್ದ ಸಾಲದ ತಂತಿಗಳು.

ಮೊದಲು ಒಂದು ಮೀಟರ್ ಎತ್ತಿ ನಿಲ್ಲಿಸಿ. ಹಗ್ಗವನ್ನು ಕ್ಲೀಟಿಗೆ (ಹಗ್ಗ ಕಟ್ಟುವ ಗೂಟ) ಸುತ್ತಿ, ದೋಣಿಯ ಸುತ್ತ ಒಮ್ಮೆ ನಡೆದು ಬನ್ನಿ. ಶ್ರೌಡ್‌ನ ಬುಡದಲ್ಲಿರುವ, ತಿರುಗಿಸಿ ತಂತಿ ಬಿಗಿಮಾಡುವ ಟರ್ನ್‌ಬಕಲ್‌ಗಳನ್ನು ಬಗ್ಗಿ ನೋಡಿ. ಸಡಿಲವಾದ ತಂತಿಯ ಭಾರಕ್ಕೆ ಅವು ಅಡ್ಡ ಬಿದ್ದು, ತಮ್ಮ ಕೊಂಡಿಯಲ್ಲೇ ಕಚ್ಚಿಕೊಂಡಿರುತ್ತವೆ. ಹಾಗೆಯೇ ಎಳೆದರೆ ತಂತಿ ಬಿಗಿಯಾಗುವ ಕೊನೆಯ ಗಳಿಗೆಯಲ್ಲಿ ತಿರುಪು ಕೊರೆದ ಬೋಲ್ಟು ಬಾಗುತ್ತದೆ. ಬಾಗಿದ್ದನ್ನು ಮತ್ತೆ ನೆಟ್ಟಗೆ ಮಾಡಿ ಬಳಸಬೇಡಿ. ತಿರುಪಿನ ಗೀರುಗಳ ತಳದಲ್ಲಿ ಬಿಟ್ಟ ಕೂದಲೆಳೆಯಂಥ ಬಿರುಕು ಗಾಳಿಯ ದಿನ ಪೂರ್ತಿ ಬಾಯಿಬಿಡುತ್ತದೆ, ಕಂಬವನ್ನೂ ಕೆಡವುತ್ತದೆ. 45 ಡಿಗ್ರಿಯಲ್ಲಿ ಇನ್ನೊಮ್ಮೆ ನಿಲ್ಲಿಸಿ ಇದೇ ತಪಾಸಣೆ ಮಾಡಿ.

ಕಂಬ ನೆಟ್ಟಗಾದ ಮೇಲೆ ಹಗ್ಗವನ್ನು ವಿಂಚಿಗೆ (ಹಗ್ಗ ಸುತ್ತಿ ಎಳೆಯುವ ಉರುಳೆ) ಮೂರು ಸುತ್ತು ಸುತ್ತಿ ಕಟ್ಟಿ. ಹಲ್ಲಿನ ಕ್ಲೀಟೊಂದನ್ನೇ ನೆಚ್ಚಬೇಡಿ, ಹಗ್ಗ ಮೇಲಕ್ಕೆ ಜಗ್ಗಿದರೆ ಅದು ಬಿಟ್ಟುಕೊಡುತ್ತದೆ. ಈಗ ಎರಡೂ ಕೈ ಖಾಲಿ. ಮೂತಿಗೆ ಹೋಗಿ ಮುಂದಿನ ತಂತಿ, ಅಂದರೆ ಫೋರ್‌ಸ್ಟೇ ಸಿಕ್ಕಿಸಿ, ಪಿನ್ ಹಾಕಿ, ಪಿನ್ನಿಗೆ ರಿಂಗು ಹಾಕಿ. ಎರಡು ಬೆರಳಷ್ಟು ಕಡಿಮೆ ಬಿದ್ದರೆ ರಾಟೆಜೋಡಿಯನ್ನು ಬಲವಂತವಾಗಿ ಎಳೆಯಬೇಡಿ, ಬ್ಯಾಕ್‌ಸ್ಟೇಯ ಟರ್ನ್‌ಬಕಲ್ ಸಡಿಲಿಸಿ.

ಇಳಿಸುವಾಗ ಇದೆಲ್ಲ ತಿರುಗುಮುರುಗು. ಶುರುವಿನಲ್ಲಿ ಕಂಬ ಅಲುಗುವುದೇ ಇಲ್ಲ, ಹಿಂದಕ್ಕೆ ತುಸು ನೂಕಬೇಕು. ಆಮೇಲೆ ಭಾರ ಪ್ರತಿ ಗಳಿಗೆಗೂ ಏರುತ್ತದೆ, ಪೂರ್ತಿ 77 ಕೆ.ಜಿ. ಬರುವುದು ಕಟ್ಟಕಡೆಯಲ್ಲಿ, ಕೈ ಸೋತಿರುವ ಹೊತ್ತಿಗೆ. ಹಿಂಬದಿಯ ಕವೆಗೋಲಿನ ಮೇಲೆ ಕಂಬ ಕೂತ ಸದ್ದು ಕೇಳುವವರೆಗೂ ವಿಂಚಿನ ಸುತ್ತುಗಳನ್ನು ಬಿಚ್ಚಬೇಡಿ.